ಹನ್ನೊಂದನೇ ಪುಟ

ಕೀಲಿಕೈ ಬೀಗದೊಳಗೆ ಸಲೀಸಾಗಿ ಹೋಯಿತು. ಆದರೆ ತಿರುಗಲಿಲ್ಲ. ಆ ದಿನದ ಅಷ್ಟೂ ರಂಪಾಟಕ್ಕೆ ಮೂಲ ಇಷ್ಟೇ.

ಬೆಳಗಿನ ಏಳು ಗಂಟೆ. ಸಣ್ಣ ಬೇಕರಿಯೊಂದರ ಷಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೀಲಿಕೈಯನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಹೊರಗೆ ತೆಗೆದು ಊದಿ, ಪ್ಯಾಂಟಿಗೆ ಉಜ್ಜಿ, ಮತ್ತೆ ತೂರಿಸುತ್ತಿದ್ದವನು ಅದರ ಯಜಮಾನ. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬೀದಿಯವರು ಇಟ್ಟ ಹೆಸರು ಅಕಸ್ಮಾತಪ್ಪ. ಅಕಸ್ಮಾತ್ ಕರೆಂಟು ಹೋದರೆ? ಅಕಸ್ಮಾತ್ ಮೈದಾ ಬರದಿದ್ದರೆ? ಅಕಸ್ಮಾತ್ ನಲ್ಲಿ ಒಡೆದರೆ? ಬಾಯಿ ತೆಗೆದರೆ ಅವನಿಗೆ ಇದೇ ಮಾತು. ಗುಡ್ಡದ ಇಳಿಜಾರಿನಲ್ಲಿರುವ ಅಂಗಡಿಗೆ ಪ್ರವಾಹ ಬಂದರೆ ಇರಲಿ ಎಂದು ಮರಳಿನ ಮೂಟೆ ತಂದಿಟ್ಟ ಪುಣ್ಯಾತ್ಮ ಅವನು. ತನ್ನ ಮದುವೆಗೆ ತಾನೇ ಎರಡು ಜೊತೆ ಚಪ್ಪಲಿ ತಂದಿದ್ದ. ಒಂದು ಜೊತೆ ಕಳುವಾಗಿ ಇನ್ನೊಂದು ಉಪಯೋಗಕ್ಕೂ ಬಂದಿತ್ತೆನ್ನಿ. ಅಲ್ಲಿಂದಾಚೆಗೆ ಅವನನ್ನು ಹಿಡಿಯುವವರೇ ಇಲ್ಲದಂತಾಯಿತು.

ಎರಡು ವರ್ಷದ ಹಿಂದೆ ವ್ಯಾಪಾರಿಗಳ ಸಂಘದವರು ಎರಡು ದಿನದ ತರಬೇತಿ ಇಟ್ಟಿದ್ದರು. ಬೆಂಕಿ ಬೀಳಲಿ, ನೀರು ನುಗ್ಗಲಿ, ವ್ಯಾಪಾರ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ವಿಷಯ. ಮಿಕ್ಕ ಅಂಗಡಿಯವರು ಊಟ ಮುಗಿಸಿ ಜಾಗ ಖಾಲಿ ಮಾಡಿದರು. ಅಕಸ್ಮಾತಪ್ಪ ಮಾತ್ರ ಮುಂದಿನ ಸಾಲಿನಲ್ಲಿ ಕೂತು ಅಕ್ಷರ ಬಿಡದೆ ಬರೆದುಕೊಂಡು ಬಂದು, ಹನ್ನೆರಡು ಪುಟದ ಒಂದು ‘ಆಪತ್ಕಾಲದ ಯೋಜನೆ’ ತಯಾರು ಮಾಡಿದ. ಯಾರಿಗೆ ಫೋನು ಮಾಡಬೇಕು, ಹಿಟ್ಟು ಎಲ್ಲಿಂದ ತರಬೇಕು, ಭಟ್ಟಿ ಕೆಟ್ಟರೆ ಯಾರ ಭಟ್ಟಿ, ಎಲ್ಲವೂ ಅದರಲ್ಲಿತ್ತು. ನಕಲನ್ನು ಜೆರಾಕ್ಸ್ ಮಾಡಿಸಲಿಲ್ಲ. ಅಕಸ್ಮಾತ್ ಮಸಿ ಅಳಿಸಿಹೋದರೆ? ಹೆಂಡತಿಯ ಕೈಯಲ್ಲಿ ಮೂರು ಸಲ ಬರೆಸಿದ. ಒಂದನ್ನು ಅಂಗಡಿಯ ಕಬ್ಬಿಣದ ಬೀರುವಿನಲ್ಲಿಟ್ಟ. ಇನ್ನೊಂದನ್ನು ಪಕ್ಕದ ಗಡಿಯಾರ ರಿಪೇರಿಯವರಿಗೆ ಕೊಟ್ಟ. ಮೂರನೆಯದು ಎದುರಿನ ಹೊಲಿಗೆಯಕ್ಕನ ಪಾಲಿಗೆ ಹೋಯಿತು.

ಯೋಜನೆಯ ವಿಷಯದಲ್ಲಿ ಅವನು ಹೆಂಡತಿಯನ್ನೂ ಬಿಟ್ಟವನಲ್ಲ. ಕಳೆದ ವರ್ಷ ಬೆಂಕಿಯ ಅಭ್ಯಾಸ ಮಾಡೋಣ, ನಾನು ಎಣಿಸಿರದ ಹೊತ್ತಿನಲ್ಲಿ ‘ಬೆಂಕಿ’ ಅಂತ ಕೂಗು ಎಂದು ಅವಳಿಗೆ ಹೇಳಿದ್ದ. ಪಾಪ, ಆಕೆ ಹಿಂದಿನ ರಾತ್ರಿಯೇ, “ರೀ, ನಾಳೆ ಹತ್ತೂವರೆಗೆ ಕೂಗ್ತೀನಿ, ಗಾಬರಿಯಾಗಬೇಡಿ” ಅಂದುಬಿಟ್ಟಳು. ಮುಂಚೆ ಹೇಳಿ ಬರೋ ಆಪತ್ತು ಯಾವುದಾದ್ರೂ ಇದೆಯೇನೇ ಎಂದು ಒಂದು ವಾರ ಅವಳ ತಲೆ ತಿಂದಿದ್ದ.

ಇಂಥವನಿಗೆ, ಇವತ್ತೇ, ಬೀಗ ಕೈಕೊಟ್ಟಿತ್ತು.

ಇವತ್ತೇ ಅಂದರೆ ಯಾವತ್ತು ಅಂತೀರಿ? ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಬೇಕರಿ ಬಂದ ಮೇಲೆ ಒಂದು ವರ್ಷದಿಂದ ಇವನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದಿದ್ದರು. ಅಂಗಡಿ ಉಳಿಯಲು ಇದ್ದದ್ದು ಒಂದೇ ದಾರಿ, ಆಸ್ಪತ್ರೆಯ ಆರ್ಡರು. ರೋಗಿಗಳಿಗೆ ದಿನಾ ಇನ್ನೂರು ಬನ್ನು, ಪೂರ್ತಿ ಒಂದು ವರ್ಷ. ಏನೇ ಆದರೂ ಒಂದು ದಿನವೂ ತಪ್ಪಿಸದೆ ಕೊಡುವವರು ಬೇಕು ಎಂದು ಆಸ್ಪತ್ರೆಯ ಮೇಡಂ ಮೊದಲೇ ಹೇಳಿದ್ದರು. ಇವತ್ತು ಸಾಯಂಕಾಲ ನಾಲ್ಕಕ್ಕೆ ಅವರೇ ಬಂದು ಇನ್ನೂರು ಬನ್ನಿನ ಮಾದರಿ ನೋಡುವವರಿದ್ದರು. ಒಪ್ಪಿಗೆಯಾದರೆ ಅಂಗಡಿ ಉಳಿಯಿತು. ಇಲ್ಲದಿದ್ದರೆ ಷಟರು ಎಳೆದು, ಆ ಗಾಜಿನ ಬಾಗಿಲಿನವರ ಹತ್ತಿರವೇ ಕೆಲಸ ಕೇಳುವ ಗತಿ. ಹಿಟ್ಟು, ಸಕ್ಕರೆ, ಭಟ್ಟಿ, ತಟ್ಟೆ ಎಲ್ಲ ಒಳಗಿದ್ದವು. ಯಜಮಾನ ಹೊರಗಿದ್ದ.

“ಏನ್ ಸ್ವಾಮಿ, ಬೀಗದ ಜೊತೆ ಮಾತುಕತೆ ನಡೀತಿದೆ?” ಗಡಿಯಾರದವರು ಬಂದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬೀದಿಗೆ ಇಳಿಯುವ ಮನುಷ್ಯ.

“ತಿರುಗ್ತಾ ಇಲ್ಲ ಸ್ವಾಮಿ.”

“ಎಣ್ಣೆ ಬಿಡಿ.”

ಎಣ್ಣೆ ಬಿಟ್ಟರು. ತಿರುಗಲಿಲ್ಲ. ಎದುರಿನಿಂದ ಹೊಲಿಗೆಯಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಬಂದು, “ಎಣ್ಣೆಗೆ ಜಿಡ್ಡು ಕಟ್ಟುತ್ತೆ ಕಣ್ರೀ, ಪೌಡರ್ ಹಾಕಬೇಕಿತ್ತು” ಅಂದಳು. ಪೌಡರನ್ನೂ ಹಾಕಿದರು. ಎಣ್ಣೆ ಮತ್ತು ಪೌಡರು ಸೇರಿ ಬೀಗದ ಬಾಯಲ್ಲಿ ಒಂದು ಹದವಾದ ಕಣಕ ತಯಾರಾಯಿತು.

“ಆಚೆ ಸರೀರಿ, ಇದು ಸೂಕ್ಷ್ಮದ ಕೆಲಸ” ಎಂದು ಗಡಿಯಾರದವರು ಜೇಬಿನಿಂದ ಸಣ್ಣ ಚಿಮುಟ ತೆಗೆದು ಬೀಗದ ಕಿಂಡಿಗೆ ತೂರಿಸಿದರು. ಒಂದು ಕಣ್ಣು ಮುಚ್ಚಿದರು. ನಾಲಿಗೆ ಹೊರಗೆ ಹಾಕಿದರು. ಒಳಗೆ ಟಕ್ಕೆಂದು ಸದ್ದಾಯಿತು.

“ಬಂತಾ?” ಅಕಸ್ಮಾತಪ್ಪ ಎದ್ದೇ ನಿಂತ.

ಗಡಿಯಾರದವರು ಚಿಮುಟವನ್ನು ಹೊರಗೆಳೆದು, ಅದರ ತುದಿಯನ್ನು ಒಂದು ಗಳಿಗೆ ನೋಡಿ, ತಟ್ಟನೆ ಜೇಬಿಗಿಳಿಸಿದರು. “ಇದು ನಮ್ಮ ಕೈಲಾಗೋದಲ್ಲ. ಬೀಗದವನನ್ನೇ ಕರೀಬೇಕು.”

ಬೀಗದವನು ಬಂದ. ಮುಂದಿನ ಬೀದಿಯಲ್ಲಿ ಬೀಗ, ಕೀಲಿ, ಸರಪಳಿ ಮಾರುವವನು. ಎಂಥ ಬೀಗವನ್ನಾದರೂ ಎರಡು ನಿಮಿಷದಲ್ಲಿ ತೆಗೆಯುತ್ತಾನೆಂದು ಹೆಸರಾದವನು. ಇವತ್ತು ಮಾತ್ರ ಮೂರು ಮಾರು ದೂರದಲ್ಲೇ ನಿಂತು, ಬೀಗವನ್ನು ಕೈಯಿಂದ ಮುಟ್ಟದೆ, ತಲೆಯಾಡಿಸಿದ.

“ಇದಾಗಲ್ಲ ಅಣ್ಣಾ.”

“ಮುಟ್ಟಿ ನೋಡಯ್ಯ.”

“ನೋಡಿದ್ರೇ ಗೊತ್ತಾಗುತ್ತೆ. ಗಟ್ಟಿ ಮಾಲು. ಕೊಯ್ಯೋ ಮಿಷನ್ನು ಬೇರೆ ಕಡೆ ಹೋಗಿದೆ, ನಾಳೆ ಮಧ್ಯಾಹ್ನ ಬರುತ್ತೆ.” ಇಷ್ಟು ಹೇಳಿ, ಅವನು ಅಕಸ್ಮಾತಪ್ಪನ ಮುಖವನ್ನೂ ನೋಡದೆ ಸರಸರನೆ ಹೊರಟುಹೋದ.

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂರುತ್ತಿದ್ದರು. ಅಕಸ್ಮಾತಪ್ಪನ ಮುಖದಲ್ಲಿ ಮಾತ್ರ ನಿಧಾನವಾಗಿ ಒಂದು ಕಳೆ ಏರತೊಡಗಿತು. ಎರಡು ವರ್ಷದಿಂದ ಕಾಯುತ್ತಿದ್ದ ನೆಂಟ ಕೊನೆಗೂ ಬಾಗಿಲಿಗೆ ಬಂದ ಹಾಗೆ. 

“ಯಾರೂ ಗಾಬರಿಯಾಗಬೇಡಿ” ಎಂದ, ಯಾರೂ ಗಾಬರಿಯಾಗಿರದಿದ್ದರೂ. “ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ಜಾತಿ ಅಲ್ಲ ನಾನು. ನನ್ನ ಬಾವಿ ಎರಡು ವರ್ಷದ ಹಿಂದೇನೇ ತೋಡಿದೀನಿ. ಗಡಿಯಾರದವರೇ, ಯೋಜನೆ ಕೊಡಿ.”

ಗಡಿಯಾರದವರು ಕೆಮ್ಮಿದರು. “ಅದಾ? ನನ್ನ ಅಂಗಡಿ ಮಾಡು ಸೋರುತ್ತಲ್ಲ. ಒದ್ದೆಯಾದ್ರೆ ಏನು ಗತಿ ಅಂತ ಹೊಲಿಗೆಯಕ್ಕನ ಹತ್ರ ಕೊಟ್ಟೆ.”

“ಒಳ್ಳೇದೇ ಆಯ್ತು. ಅಕ್ಕಾ, ಎರಡರಲ್ಲಿ ಒಂದು ಕೊಡಿ.”

ಹೊಲಿಗೆಯಕ್ಕ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನನ್ನ ಅಂಗಡೀಲಿ ಇಲಿ ಕಾಟ ಗೊತ್ತಲ್ಲಪ್ಪ. ಅಷ್ಟು ಮುಖ್ಯವಾದ ಕಾಗದ, ಎರಡನ್ನೂ ನಿನ್ನ ಹೆಂಡತಿ ಕೈಗೇ ಕೊಟ್ಟೆ, ಭದ್ರವಾದ ಜಾಗದಲ್ಲಿ ಇಡಮ್ಮ ಅಂತ.”

ಅಷ್ಟರಲ್ಲಿ ಹೆಂಡತಿಯೂ ಬಂದಳು. ಹೆಗಲಿಗೆ ಚೀಲ, ತಲೆಗೆ ಬಟ್ಟೆ, ಮುಖದಲ್ಲಿ ಮಾತ್ರ ಯಾವ ಗಾಬರಿಯೂ ಇಲ್ಲ. ಆ ಬೇಕರಿಯಲ್ಲಿ ಕೆಲಸ ಮಾಡುವವರು ಇಬ್ಬರೇ, ಇವನು ಮತ್ತು ಇವಳು.

“ಎಲ್ಲಿಟ್ಟೆ?” ಎಂದು ಅಕಸ್ಮಾತಪ್ಪ ಕೇಳಿದ.

“ಈ ಬೀದೀಲಿ ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ? ನಮ್ಮ ಕಬ್ಬಿಣದ ಬೀರುವಿನಲ್ಲೇ.”

ಮೂರು ನಕಲೂ ಒಂದೇ ಬೀರುವಿನಲ್ಲಿ, ಬೀರು ಅಂಗಡಿಯೊಳಗೆ, ಅಂಗಡಿಗೆ ಬೀಗ. ಅಂಗಡಿಯೊಳಗೆ ಹೋಗಲಾಗದಿದ್ದರೆ ಏನು ಮಾಡಬೇಕೆಂದು ಮೂರನೇ ಪುಟದಲ್ಲಿ ಸವಿಸ್ತಾರವಾಗಿ ಬರೆದಿತ್ತು. ಅಕಸ್ಮಾತಪ್ಪ ಷಟರಿಗೆ ಹಣೆ ಆನಿಸಿ ನಿಂತ.

ಫೋನ್ ನಂಬರುಗಳು ಹೋದರೆ ಹೋಗಲಿ. ಅವನ ಜೀವ ಇದ್ದದ್ದು ಎಂಟನೇ ಪುಟದಲ್ಲಿ. ರೋಗಿಗಳ ಬನ್ನಿಗೆ ಉಪ್ಪೆಷ್ಟು, ಸಕ್ಕರೆಯೆಷ್ಟು, ಬೆಣ್ಣೆಯೆಷ್ಟು ಎಂದು ಆಸ್ಪತ್ರೆಯವರು ಕೊಟ್ಟ ಅಳತೆಯನ್ನು ಆ ಪುಟಕ್ಕೆ ಸೇರಿಸಿದ್ದ. ಬರೆದಿಟ್ಟ ಮೇಲೆ ನೆನಪಿಟ್ಟುಕೊಳ್ಳುವುದೇಕೆ ಎಂದು ತಲೆಯಿಂದ ತೆಗೆದುಹಾಕಿದ್ದ. ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಮೇಡಂ ಒಪ್ಪುವುದಿಲ್ಲ.

“ನಾನು ಕೇಳ್ತೀನಿ ಇರಿ” ಎಂದು ಗಡಿಯಾರದವರು ಯಾರನ್ನೂ ಕೇಳದೆ ಆಸ್ಪತ್ರೆಗೆ ಫೋನು ಹಚ್ಚೇಬಿಟ್ಟರು. “ಹಲೋ, ನಾನು ರೋಗಿ ಕಡೆಯವನು. ನಿಮ್ಮ ಬನ್ನಲ್ಲಿ ಉಪ್ಪೆಷ್ಟು ಹಾಕ್ತೀರಿ? ಯಾವ ವಾರ್ಡಾ? ಅದು... ಗಡಿಯಾರದ ಪಕ್ಕದ ವಾರ್ಡು. ರೋಗಿ ಹೆಸರಾ? ಹೆಸರು ಹೇಳೋ ಸ್ಥಿತೀಲಿಲ್ಲಮ್ಮ ಅವರು.”

ಅಕಸ್ಮಾತಪ್ಪ ಫೋನು ಕಿತ್ತುಕೊಂಡು ಕಟ್ ಮಾಡಿದ. ಆಗ ಹೆಂಡತಿ ಮೆಲ್ಲಗೆ ಬಾಯಿಬಿಟ್ಟಳು.

“ಹತ್ತು ಕೇಜಿ ಹಿಟ್ಟಿಗೆ ಉಪ್ಪು ತೊಂಬತ್ತು ಗ್ರಾಂ, ಸಕ್ಕರೆ ಆರುನೂರು, ಬೆಣ್ಣೆ ಐನೂರು.”

“ನಿಂಗೆ ಹೇಗೆ ಗೊತ್ತು?”

“ಮೂರು ಸಲ ಬರೆಸಿದ್ರಲ್ಲ. ಹನ್ನೆರಡು ಪುಟಾನೂ ಬಾಯಿಗೆ ಬರುತ್ತೆ.”

ಅಕಸ್ಮಾತಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. “ಶಹಬಾಸ್ ಕಣೇ. ಐದನೇ ಪುಟ ಹೇಳು.”

“ಭಟ್ಟಿ ಸಿಗದಿದ್ದಲ್ಲಿ ಮೂಲೆ ಬೇಕರಿಯವರ ಭಟ್ಟಿಯನ್ನು ಬಳಸತಕ್ಕದ್ದು. ಅವರ ರುಜು ಪಡೆದಿದೆ.”

“ಹತ್ತು?”

“ನೆರೆಹೊರೆಯವರ ನೆರವನ್ನು ಪಡೆಯತಕ್ಕದ್ದು.”

“ಹನ್ನೊಂದು? ಅದರಲ್ಲಿ ಏನೋ ಬಹಳ ಮುಖ್ಯವಾದ್ದು ಬರೆದಿದ್ದೆ ನಾನು.”

“ಅದನ್ನ ಹೇಳಬಾರದು ಅಂತಾನೇ ಬರೆದಿದೀರಿ.”

“ಹಾಗಾದ್ರೆ ಹೇಳಬೇಡ” ಎಂದ ಅಕಸ್ಮಾತಪ್ಪ, ಹೆಂಡತಿಯ ನಿಷ್ಠೆಗೆ ಹಿಗ್ಗಿಹೋಗಿ. “ಯೋಜನೆ ಅಂದ್ಮೇಲೆ ಯೋಜನೆ. ನಡೀರಿ ಎಲ್ಲಾ.”

ಮೂಲೆ ಬೇಕರಿಯವನನ್ನು ಬೀದಿಯವರು ಕರೆಯುವುದು ‘ನೋಡ್ಕೊಳ್ಳೋಣ’ ಎಂದು. ಮಾಡು ಸೋರುತ್ತಿದೆ ಅಂದರೂ ನೋಡ್ಕೊಳ್ಳೋಣ, ಹಿಟ್ಟು ಮುಗಿಯುತ್ತಿದೆ ಅಂದರೂ ನೋಡ್ಕೊಳ್ಳೋಣ. ಆಸ್ಪತ್ರೆಗೆ ನೀನೂ ಒಂದು ಅರ್ಜಿ ಹಾಕೋ ಎಂದು ಅಕಸ್ಮಾತಪ್ಪನೇ ಒಮ್ಮೆ ಹೇಳಿದ್ದಾಗಲೂ ಅದೇ ಉತ್ತರ ಬಂದಿತ್ತು. ಎಂಟು ಗಂಟೆಗೆ ಇವರ ದಂಡು ಹೋದಾಗ ಅವನು ಬೆಳಗಿನ ಬೇಯಿಸುವ ಕೆಲಸ ಮುಗಿಸಿ ಹಿಟ್ಟಿನ ಮೂಟೆಯ ಮೇಲೆ ಮಲಗಿದ್ದ.

“ಎರಡು ವರ್ಷದ ಹಿಂದೆ ನೀನು ರುಜು ಹಾಕಿದ್ದೆ, ನೆನಪಿದೆಯಾ?” ಅಕಸ್ಮಾತಪ್ಪ ಏದುಸಿರು ಬಿಡುತ್ತಾ ಕೇಳಿದ. “ನಿನ್ನ ಭಟ್ಟಿ ಬೇಕು, ಹಿಟ್ಟೂ ಬೇಕು.”

“ತಗೊಳ್ಳಪ್ಪ” ಎಂದು ಅವನು ಮಗ್ಗುಲಾದ. “ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ.”

ಆಮೇಲೆ ಆ ಭಟ್ಟಿಮನೆಯಲ್ಲಿ ನಡೆದದ್ದನ್ನು ನೋಡಬೇಕಿತ್ತು ನೀವು. ಅಕಸ್ಮಾತಪ್ಪ ಮೊಣಕೈ ತನಕ ಹಿಟ್ಟಿನಲ್ಲಿ ಮುಳುಗಿ ನಾದುತ್ತಿದ್ದ. ಹೆಂಡತಿ ತೂಗಿ ತೂಗಿ ಉಂಡೆ ಕತ್ತರಿಸುತ್ತಿದ್ದಳು. ಹೊಲಿಗೆಯಕ್ಕ ಪ್ರತಿಯೊಂದು ಉಂಡೆಯ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದು, “ಇದಕ್ಕೆ ಸೊಂಟ ಜಾಸ್ತಿಯಾಯ್ತು” ಎಂದು ವಾಪಸ್ ಕಳಿಸುತ್ತಿದ್ದಳು. ಯಾರೂ ಸುಮ್ಮನಿರಲಿಲ್ಲ, ಎಲ್ಲರೂ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಅಕಸ್ಮಾತಪ್ಪನಿಗೆ ಹುಟ್ಟಿದಾಗಿನಿಂದ ಇಷ್ಟು ಹುರುಪು ಬಂದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ, “ನೋಡಿದ್ರಾ, ನೋಡಿದ್ರಾ, ನಿಲ್ಲಲಿಲ್ಲ ನೋಡಿ ವ್ಯಾಪಾರ” ಎಂದು ಐದು ನಿಮಿಷಕ್ಕೊಮ್ಮೆ ಹೇಳುತ್ತಿದ್ದ.

ಹೊತ್ತು ನೋಡುವ ಕೆಲಸವನ್ನು ಗಡಿಯಾರದವರು ತಾವಾಗಿಯೇ ವಹಿಸಿಕೊಂಡರು. ರಿಪೇರಿಗೆ ಬಂದಿದ್ದ ದೊಡ್ಡ ಗೋಡೆ ಗಡಿಯಾರವೊಂದನ್ನು ಹೊತ್ತು ತಂದು ಭಟ್ಟಿಯ ಮುಂದೆ ನಿಲ್ಲಿಸಿದರು. ಹದಿನೈದು ನಿಮಿಷಕ್ಕೆ ಹೇಳುತ್ತೇನೆ ಎಂದು ಅದರ ಮುಂದೆ ಕೈಕಟ್ಟಿ ನಿಂತರು. ಸ್ವಲ್ಪ ಹೊತ್ತಿಗೆ ಭಟ್ಟಿಯ ಬಾಯಿಂದ ಹೊಗೆ ಬಂತು.

“ಇನ್ನೂ ಐದು ನಿಮಿಷ ಇದೆ” ಎಂದರು ಗಡಿಯಾರದವರು.

“ಹೊಗೆ ಬರ್ತಿದೆ ಸ್ವಾಮಿ.”

“ಗಡಿಯಾರದ ಪ್ರಕಾರ ಬರಬಾರದು.”

ಬಾಗಿಲು ತೆಗೆದರೆ ನಲವತ್ತು ಬನ್ನು ಕರ್ರಗೆ ಇದ್ದಿಲಾಗಿ ಕೂತಿದ್ದವು. “ಈ ಗಡಿಯಾರ ರಿಪೇರಿಗೆ ಬಂದಿದ್ದು ಯಾಕೆ ಸ್ವಾಮಿ?” ಎಂದು ಹೆಂಡತಿ ಕೇಳಿದಳು. “ನಿಧಾನಕ್ಕೆ ಓಡುತ್ತೆ ಅಂತ” ಎಂದು ಅವರು ತಣ್ಣಗೆ ಹೇಳಿದರು. ಮತ್ತೆ ಹಿಟ್ಟು ಕಲಸಿದ್ದಾಯಿತು. ಹಿಟ್ಟು ಉಬ್ಬುವ ತನಕ ಅಕಸ್ಮಾತಪ್ಪ ಅದರ ಮುಂದೆ ಕೂತು, ಹಸುಗೂಸನ್ನು ನೋಡುವ ಹಾಗೆ ಬಟ್ಟೆ ಎತ್ತಿ ಎತ್ತಿ ನೋಡಿದ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೊನೆಯ ತಟ್ಟೆ ಹೊರಗೆ ಬಂತು. ಇನ್ನೂರು ಬನ್ನು, ಒಂದೇ ಬಣ್ಣ, ಒಂದೇ ಸೊಂಟ. ಹೊಲಿಗೆಯಕ್ಕನ ಮೇಜನ್ನು ಬೀಗ ಹಾಕಿದ ಷಟರಿನ ಮುಂದೆ ಇಟ್ಟು, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಬನ್ನುಗಳನ್ನು ಜೋಡಿಸಿದರು. ಬೀದಿಗೆ ಬೀದಿಯೇ ನೆರೆಯಿತು. ನೋಡ್ಕೊಳ್ಳೋಣ ಕೂಡ ಎದ್ದು, ಕಣ್ಣುಜ್ಜಿಕೊಂಡು ಬಂದ. ಬೆಳಗ್ಗೆ ಓಡಿಹೋಗಿದ್ದ ಬೀಗದವನೂ ಒಂದು ಕಡೆ ಬಂದು ನಿಂತಿದ್ದ.

ಮೇಡಂ ಗಂಟೆಗೆ ಸರಿಯಾಗಿ ಬಂದರು. ಕಡ್ಡಿಯಂಥ ಮನುಷ್ಯೆ, ಕೈಯಲ್ಲಿ ಫೈಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಅಕಸ್ಮಾತಪ್ಪ ಬೆಳಗ್ಗೆಯಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಅಂಗಡಿಯಿಲ್ಲ, ಹಿಟ್ಟಿಲ್ಲ, ತಟ್ಟೆಯಿಲ್ಲ, ಆದರೂ ಬನ್ನು ಬಂದಿದೆ ಮೇಡಂ ಎಂದು ಮೇಜಿನ ಕಡೆ ಕೈ ತೋರಿಸಿದ. ಮೇಡಂ ಒಂದು ಬನ್ನು ಮುರಿದರು, ಮೂಸಿದರು, ತಿಂದರು. ಎರಡನೆಯದನ್ನೂ ಮುರಿದರು.

“ಉಪ್ಪು ಸರಿಯಾಗಿದೆ, ಹದ ಸರಿಯಾಗಿದೆ” ಎಂದರು. “ಬನ್ನು ಒಪ್ಪಿಗೆ.”

ಬೀದಿ ಚಪ್ಪಾಳೆ ತಟ್ಟಿತು. ಅಕಸ್ಮಾತಪ್ಪ ಹೆಂಡತಿಯ ಕಡೆ ನೋಡಿದ, ಅವಳ ಕಣ್ಣಲ್ಲೂ ನೀರಿತ್ತು.

“ಈಗ ನಿಮ್ಮ ಭಟ್ಟಿ ತೋರಿಸಿ” ಎಂದರು ಮೇಡಂ. “ಭಟ್ಟಿ, ನೀರು, ಸ್ವಚ್ಛತೆ ನೋಡದೆ ಆರ್ಡರಿಗೆ ಸಹಿ ಹಾಕೋ ಹಾಗಿಲ್ಲ. ಐದು ಗಂಟೆಗೆ ವರದಿ ಕೊಡಬೇಕು ನಾನು.”

ಚಪ್ಪಾಳೆ ನಿಂತಿತು. “ಬೀಗ ಮೇಡಂ” ಎಂದ ಅಕಸ್ಮಾತಪ್ಪ. “ಕೊಯ್ಯೋ ಮಿಷನ್ನು ನಾಳೆ ಬರುತ್ತೆ. ನಾಳೆ ತೋರಿಸ್ತೀನಿ.”

“ವರದಿ ಇವತ್ತಿಂದು.”

ಆಗ ಹೆಂಡತಿ ಮುಂದೆ ಬಂದಳು. ಕಣ್ಣೊರೆಸಿಕೊಂಡು, ಹೆಗಲ ಚೀಲದಿಂದ ಹೊಚ್ಚಹೊಸ ಕೀಲಿಕೈಯೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. “ಅಭ್ಯಾಸ ಮುಗೀತು” ಎಂದಳು.

“ಏನೇ ಇದು?”

“ಹನ್ನೊಂದನೇ ಪುಟ ಕಣ್ರೀ. ಈಗ ಹೇಳಬಹುದು.” ಆಕೆ ಪಾಠ ಒಪ್ಪಿಸುವವಳ ಹಾಗೆ ನೆಟ್ಟಗೆ ನಿಂತಳು. “ವರ್ಷಕ್ಕೊಮ್ಮೆ, ಅತ್ಯಂತ ಮುಖ್ಯವಾದ ಕೆಲಸದ ದಿನದಂದೇ, ಯಜಮಾನನಿಗೆ ತಿಳಿಸದೆ ಅಂಗಡಿಯ ಬೀಗವನ್ನು ಬದಲಿಸಿ ಪರೀಕ್ಷಿಸತಕ್ಕದ್ದು. ಯಜಮಾನನು ಎಷ್ಟೇ ಗೋಗರೆದರೂ, ಕೆಲಸ ಒಪ್ಪಿಗೆಯಾಗುವ ತನಕ ಕೀಲಿಕೈಯನ್ನು ಕೊಡತಕ್ಕದ್ದಲ್ಲ. ನಿನ್ನೆ ಸಾಯಂಕಾಲ ನೀವು ಮನೆಗೆ ಹೋದ್ಮೇಲೆ ಬದಲಿಸಿದೆ. ನೋಡೋಕೆ ಹಳೇದರ ಹಾಗೇ ಇರೋ ಬೀಗ ಕೊಟ್ಟಿದ್ದು ಇವರೇ.”

ಬೀಗದವನು ತಲೆ ಕೆರೆದುಕೊಂಡ. “ಮುಟ್ಟಬೇಡ ಅಂದಿದ್ರು ಅಕ್ಕ, ಮುಟ್ಟಲಿಲ್ಲ.”

ಅಕಸ್ಮಾತಪ್ಪನಿಗೆ ಎಲ್ಲ ನೆನಪಾಯಿತು. ಬೆಂಕಿಯ ಅಭ್ಯಾಸ ಕೆಟ್ಟ ಸಿಟ್ಟಿನಲ್ಲಿ ಹಿಂದಿನ ಹನ್ನೊಂದನೇ ಪುಟ ಕಿತ್ತುಹಾಕಿ ಅವನೇ ಬರೆದ ಪುಟ ಅದು, ಅವನೇ ಮೂರು ಸಲ ಬರೆಸಿದ್ದು. ಒಂದು ಕ್ಷಣ ಹೆಂಡತಿಯನ್ನು ಹೊಡೆಯಬೇಕೋ ಹೊತ್ತು ಕುಣಿಯಬೇಕೋ ತಿಳಿಯಲಿಲ್ಲ. ಆಮೇಲೆ ಕುಣಿಯುವುದೇ ಸರಿಯೆನಿಸಿತು. “ನೋಡಿದ್ರಾ ಮೇಡಂ? ಇದು ನಮ್ಮ ಶಿಸ್ತು. ಅಂಗಡಿ ಸರಿಯಾಗಿದೆ, ಭಟ್ಟಿ ಸರಿಯಾಗಿದೆ. ಬನ್ನಿ, ತೋರಿಸ್ತೀನಿ” ಎಂದವನೇ ಕೀಲಿಕೈ ಕಸಿದುಕೊಂಡು ಬೀಗದ ಮುಂದೆ ಕೂತ.

ಕೀಲಿಕೈ ಅರ್ಧ ಹೋಗಿ ನಿಂತಿತು.

ಒತ್ತಿದ. ಹೋಗಲಿಲ್ಲ. ಎಳೆದು ಮತ್ತೆ ಒತ್ತಿದ. ಬೀಗದವನು ಈಗ ನಿಜವಾಗಿಯೂ ಬಗ್ಗಿ, ಬ್ಯಾಟರಿ ಬಿಟ್ಟು ಒಳಗೆ ನೋಡಿದ. ಎಣ್ಣೆ, ಪೌಡರು, ಅದರಾಚೆಗೆ ಅಡ್ಡಡ್ಡ ಕೂತ ಒಂದು ಕಬ್ಬಿಣದ ಚೂರು. “ಇದ್ಯಾರು ಇದರೊಳಗೆ ಏನೋ ಮುರಿದಿಟ್ಟವರು?” ಎಂದ.

ಗಡಿಯಾರದವರು ಆಕಾಶ ನೋಡಿದರು.

“ಕೊಯ್ಯಯ್ಯ, ಕೊಯ್ಯಿ” ಎಂದು ಅಕಸ್ಮಾತಪ್ಪ ಗೋಗರೆದ. “ಮಿಷನ್ನು ತಗೊಂಬಾ. ಬೆಳಗ್ಗೆ ಹೇಳಿದ್ದು ಸುಳ್ಳು ತಾನೆ?”

“ಮುಟ್ಟದೆ ಇರೋಕೆ ನೆಪ ಬೇಕಿತ್ತಷ್ಟೇ. ಮಿಷನ್ನು ಬೇರೆ ಕಡೆ ಹೋಗಿರೋದಂತೂ ನಿಜ ಅಣ್ಣಾ.”

ಮೇಡಂ ಕೈಗಡಿಯಾರ ನೋಡಿಕೊಂಡರು. ನಾಲ್ಕೂ ಮೂವತ್ತೈದು. “ಈ ಬನ್ನು ಬೆಂದಿದ್ದು ಯಾರ ಭಟ್ಟೀಲಿ?” ಎಂದು ಕೇಳಿದರು. ಎಲ್ಲರ ಬೆರಳೂ ನೋಡ್ಕೊಳ್ಳೋಣನ ಕಡೆ ತಿರುಗಿತು. ಮೇಡಂ ಅವನ ಬೇಕರಿಗೆ ನಡೆದರು. ಇವರೆಲ್ಲ ಸೇರಿ ಆವತ್ತು ಗುಡಿಸಿ, ಒರೆಸಿ, ತೊಳೆದಿಟ್ಟಿದ್ದ ಭಟ್ಟಿಮನೆ ಥಳಥಳ ಹೊಳೆಯುತ್ತಿತ್ತು. ಅವನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅದು ಅಷ್ಟು ಚೊಕ್ಕಟವಾಗಿದ್ದ ದಿನ ಅದೊಂದೇ.

ಮೇಡಂ ಫೈಲಿನಿಂದ ಅರ್ಜಿಯ ಹಾಳೆ ತೆಗೆದು ಅವನ ಮುಂದಿಟ್ಟರು. “ದಿನಾ ಇನ್ನೂರು ಬನ್ನು. ನಾಳೆಯಿಂದಲೇ. ಆಗುತ್ತಾ?”

“ನೋಡ್ಕೊಳ್ಳೋಣ” ಎಂದು ಅವನು ರುಜು ಹಾಕಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಕಸ್ಮಾತಪ್ಪ ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈಗಳನ್ನು ಇಳಿಬಿಟ್ಟುಕೊಂಡು ನಿಂತಿದ್ದ.  ಮೇಡಂ ಹೊರಡುವ ಮುಂಚೆ ಅವನ ಹತ್ತಿರ ಬಂದು, ಮೊದಲ ಸಲ ಕೊಂಚ ನಕ್ಕು, ಇನ್ನೊಂದು ಹಾಳೆ ಕೊಟ್ಟರು.

“ನಿಮ್ಮ ಸಿದ್ಧತೆ ನೋಡಿ ಸಂತೋಷವಾಯ್ತು. ನಿಮ್ಮ ಹೆಸರನ್ನ ಬದಲಿಗೆ ಇರಲಿ ಅಂತ ಬರ್ಕೊಂಡಿದೀನಿ. ಅಕಸ್ಮಾತ್ ಇವರ ಭಟ್ಟಿ ಕೆಟ್ಟರೆ ನಿಮಗೆ ಹೇಳಿಕಳಿಸ್ತೀವಿ.”

ಹುಟ್ಟಿದಾಗಿನಿಂದ ಮೊದಲ ಬಾರಿಗೆ ‘ಅಕಸ್ಮಾತ್’ ಎಂಬ ಪದ ಕೇಳಿ ಅಕಸ್ಮಾತಪ್ಪನ ಹೊಟ್ಟೆ ಉರಿಯಿತು. ಆದರೂ ರುಜು ಹಾಕಿದ. ಹಾಕದಿದ್ದರೆ ಅದೂ ಇಲ್ಲ.

ಜನ ಚದುರಿದರು. ಗಂಡ ಹೆಂಡತಿ ತಮ್ಮದೇ ಷಟರಿನ ಮುಂದಿನ ಮೆಟ್ಟಿಲ ಮೇಲೆ ಕೂತು, ಮೇಡಂ ಮುರಿದು ಬಿಟ್ಟಿದ್ದ ಬನ್ನನ್ನು ಹಂಚಿಕೊಂಡು ತಿಂದರು. ಬನ್ನು ಬಹಳ ಚೆನ್ನಾಗಿತ್ತು. ಗಡಿಯಾರದವರು ಗೋಡೆ ಗಡಿಯಾರವನ್ನು ಹೊತ್ತುಕೊಂಡು ಮನೆ ಕಡೆ ಹೊರಟವರು, ಎರಡು ಹೆಜ್ಜೆ ಹಿಂದೆ ಬಂದು ಬಗ್ಗಿ, ಮೆಲ್ಲಗೆ ಕೇಳಿದರು.

“ಬೇಜಾರು ಮಾಡ್ಕೋಬೇಡಿ ಸ್ವಾಮಿ. ನಾಳೆ ಅಕಸ್ಮಾತ್ ಬೀಗ ಕೊಯ್ದರೆ, ನನ್ನ ಚಿಮುಟದ ತುದಿ ಜೋಪಾನವಾಗಿ ಎತ್ತಿಡಿ.”